ಮಾವನ ಟೀವಿಗೆ ಒಪ್ಪುವ ಮದುವೆ

ಗೌರಿಬಿದನೂರು
12 ಜೂನ್ 2025, ಗುರುವಾರ

ಪ್ರೀತಿಯ ಆವಲಪ್ಪ ಮಾವಾ,

ನಿಮ್ಮ ಸೋದರಸೊಸೆ ಯಾಮಿನಿಯ ನಮಸ್ಕಾರಗಳು. ಸೊಂಟದ ನೋವು ಹೇಗಿದೆ? ಆಂಜಿನಮ್ಮತ್ತೆ ಎಣ್ಣೆ ಹಚ್ಚುತ್ತಿದ್ದಾರೋ, ಬೈಯುತ್ತಿದ್ದಾರೋ? ಎರಡೂ ಇರುತ್ತದೆ, ಗೊತ್ತು. ಹೊಸ ರೇಷ್ಮೆಹುಳುಗಳು ಮೂರನೇ ಜ್ವರ ದಾಟಿ ಪೊರೆ ಬಿಟ್ಟವೇ? ನಾನು ಚೆನ್ನಾಗಿದ್ದೇನೆ ಮಾವ, ಅಂದರೆ ತುಂಬಾ ತುಂಬಾ ಚೆನ್ನಾಗಿದ್ದೇನೆ! ಚೈತನ್ಯ ದಿನಾ ಬೆಳಿಗ್ಗೆ ಕಾಫಿ ಮಾಡಿಕೊಡುತ್ತಾರೆ, ಸಕ್ಕರೆ ಹಾಕಲು ಮರೆಯುತ್ತಾರೆ, ನಾನು ಅದನ್ನೂ ಹೊಗಳಿ ಕುಡಿಯುತ್ತೇನೆ. ನಮ್ಮತ್ತೆ ರಾಮಲಕ್ಷ್ಮಮ್ಮನವರು "ಇವಳಿಗೆ ಬೇವಿನ ಕಷಾಯ ಕೊಟ್ರೂ ಸೂಪರ್ ಅಂತಾಳೆ ಕಣೋ" ಎಂದು ಮಗನ ಹತ್ತಿರ ಹೇಳಿ ನಗುತ್ತಾರೆ. ಏಳನೇ ಕ್ಲಾಸಿನ ನಂತರ ಕನ್ನಡದಲ್ಲಿ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹೋದ ವಾರ ನಿಮ್ಮೂರ ಬಸ್ಸಿನ ಡ್ರೈವರ್ ಎರ್ರಪ್ಪನ ಕೈಯಲ್ಲಿ ಕಳಿಸಿದ ಪೆನ್‌ಡ್ರೈವ್‌ನಲ್ಲಿ ಪಟ ಬರದಿದ್ದದ್ದು ಪೂರ್ತಿ ನನ್ನದೇ ತಪ್ಪು. ಮದುವೆಯ ವಿಡಿಯೋ ನಲವತ್ತು ಜಿಬಿ, ಪೆನ್‌ಡ್ರೈವ್ ಎಂಟೇ ಜಿಬಿ. ವಿಡಿಯೋ ಚಿಕ್ಕದು ಮಾಡಲು ಎನ್‌ಕೋಡರ್ ಎಂಬ ಸಾಫ್ಟ್‌ವೇರ್ ಬೇಕು. ಅದು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವರ ಹಾಗೆ ಮಾವ, ಗೂಡು ಅದೇ ಆದರೂ ಕೈ ಬೇರೆಯಾದರೆ ನೂಲು ಬೇರೆ. ಕಂಪ್ಯೂಟರಿನಲ್ಲಿ ಮೊದಲೇ ಇದ್ದ ಎನ್‌ಕೋಡರ್ ನನ್ನ ಧಾರೆ ಸೀರೆಯ ಜರಿಯನ್ನು ಚೌಕ ಚೌಕ ಮಾಡಿತು, ಅಪ್ಪನ ಮುಖ ಕಲಸಿದ ಹಿಟ್ಟಿನಂತೆ ಕಂಡಿತು. ನಾನು ಎಲ್ಲಕ್ಕಿಂತ ಹೊಸದಾದ ಎವಿ1 ಎನ್ನುವುದನ್ನು ಹುಡುಕಿ ಹಾಕಿಕೊಂಡೆ. ಇಡೀ ಮದುವೆ ಎರಡೇ ಜಿಬಿ! ಜರಿಯ ಎಳೆ ಎಳೆಯೂ ಕಾಣುತ್ತಿತ್ತು. ಮನೆಯೆಲ್ಲ ಕುಣಿದಾಡಿದೆ. "ಮಾವನ ಟೀವಿ ಯಾವ್ದು ಅಂತ ಕೇಳಿದ್ಯಾ?" ಎಂದರು ಚೈತನ್ಯ. ಕೇಳಿರಲಿಲ್ಲ.

ಆಮೇಲೆ ಆಂಜಿನಮ್ಮತ್ತೆ ಫೋನ್ ಮಾಡಿದರು. "ಪಟ ಬರ್ಲಿಲ್ಲ ಕಣಮ್ಮ, ಬರೀ ವಾಲಗ. ನಿಮ್ಮಾವ ಮಾತ್ರ ಏಳ್ಲಿಲ್ಲ. ಕರ್ರಗಿರೋ ಟೀವಿ ಮುಂದೆ ಮೂರು ಗಂಟೆ ಕೂತವ್ರೆ. ಊಟಕ್ಕೆ ಬಾರಯ್ಯ ಅಂದ್ರೆ, ಸುಮ್ನಿರು, ಈಗ ಹೆಣ್ಣು ಕರ್ಕೊಂಡ್ ಬರ್ತಾರೆ ಅಂತಾರೆ" ಎಂದರು. ನಾನು ನಗಲು ಹೋಗಿ ಅತ್ತುಬಿಟ್ಟೆ. ಸೋದರಮಾವನಾಗಿ ನನ್ನ ಕೈ ಹಿಡಿದು ಮಂಟಪಕ್ಕೆ ಕರೆತರಬೇಕಾದವರು ನೀವು. ಆದರೆ ಹುಳು ಎರಡು ದಿನ ಮೊದಲೇ, ಮದುವೆಯ ದಿನವೇ ಹಣ್ಣಾಗಿ ಗೂಡು ಕಟ್ಟಲು ನಿಂತವು, ಆಳುಗಳು ಬರಲಿಲ್ಲ. ಹಣ್ಣಾದ ಹುಳುವನ್ನು ಆಯ್ದು ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಗೂಡೇ ಇಲ್ಲ. ಇಷ್ಟು ನನಗೆ ಅರ್ಥವಾಗದೇ? ಆದರೆ ಅವತ್ತಿನಿಂದ ನೀವು ಈ ಕಡೆ ತಲೆ ಹಾಕಿಲ್ಲ, ಫೋನ್ ಮಾಡಿದರೆ ಅತ್ತೆಯ ಕೈಗೆ ಕೊಟ್ಟುಬಿಡುತ್ತೀರಿ. ಅದಕ್ಕೇ ಈ ಕಾಗದ. ಇದನ್ನಾದರೂ ನೀವೇ ಓದಬೇಕಲ್ಲ.

ಈ ಸಲ ಆಂಜಿನಮ್ಮತ್ತೆಯಿಂದ ನಿಮ್ಮ ಟೀವಿಯ ಹಿಂದಿರುವ ನಂಬರ್ ಕೇಳಿ ಬರೆದುಕೊಂಡು, ಎವಿ1 ಓದಲು ಬಾರದ ಆ ಟೀವಿಗೂ ಓದಲು ಬರುವ ಎಕ್ಸ್265 ಎಂಬ ಎನ್‌ಕೋಡರ್ ಹಾಕಿದ್ದೇನೆ. ನಾಲ್ಕು ಜಿಬಿಗೆ ಸ್ವಲ್ಪ ಕಮ್ಮಿ, ಈ ಕಾಗದದ ಜೊತೆಗೇ ಇನ್ನೊಂದು ಪೆನ್‌ಡ್ರೈವ್‌ನಲ್ಲಿ ಕಳಿಸುತ್ತಿದ್ದೇನೆ. ಎವಿ1ನಷ್ಟು ಚಿಕ್ಕದಲ್ಲ, ಆದರೆ ಎಲ್ಲರ ಮುಖವೂ ಮುಖದಂತಿದೆ. ನಿಮ್ಮ ಜಾಗದಲ್ಲಿ ಅಂಬರೀಶ್ ಚಿಕ್ಕಮಾವ ನನ್ನನ್ನು ಕರೆತಂದದ್ದು ಕಾಣುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಅವರು ಬಸ್ ಹಿಡಿಯುವವರಂತೆ ಓಡಿದರು, ನಾನು ಸೀರೆ ತುಳಿದು ಮುಗ್ಗರಿಸಿದೆ, ಅದೂ ಬಹಳ ಸ್ಪಷ್ಟವಾಗಿ ಬಂದಿದೆ.

ಅತ್ತೆಗೂ ನಿಮಗೂ ನಮ್ಮಿಬ್ಬರ ನಮಸ್ಕಾರ. ಬಗ್ಗಿ ಸೊಪ್ಪಿನ ಹೊರೆ ಎತ್ತಬೇಡಿ.

ನಿಮ್ಮ
ಯಾಮಿನಿ

ಮರೆತೆ: ಎರ್ರಪ್ಪನ ಬಸ್ ಹೊರಡುವ ಹೊತ್ತಾಯಿತು. ಆಷಾಢ ಇಪ್ಪತ್ತಾರಕ್ಕೆ ಶುರು. ನನ್ನನ್ನು ತವರಿಗೆ ಕರೆದೊಯ್ಯಲು ಅಪ್ಪ ಬರುತ್ತೇನೆ ಎಂದರು. ಬೇಡ, ಮಾವ ಬರುತ್ತಾರೆ ಎಂದು ಹೇಳಿಬಿಟ್ಟಿದ್ದೇನೆ. ಹುಳು ನೋಡಿಕೊಂಡು ತಾರೀಖು ನೀವೇ ಹೇಳಿ. ಬೇರೆ ಯಾರ ಜೊತೆಯೂ ನಾನು ಹೊರಡುವುದಿಲ್ಲ. ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದಂತೆ. ನೀವು ಬರದಿದ್ದರೆ ಪಾಪ, ರಾಮಲಕ್ಷ್ಮಮ್ಮನವರೇ ತಮ್ಮ ತವರಿಗೆ ಹೋಗಬೇಕಾಗುತ್ತದೆ.