ಗೊತ್ತಿಲ್ಲದವರ ಕಣ್ಣು

ಸ್ಟುಡಿಯೋದಿಂದ
ಮಂಗಳವಾರ, ಮಾರ್ಚ್ 11

ಪ್ರೀತಿಯ ಗಂಟೆಗೆ,

ಕರ್ತನ ಹೆಸರಿನಲ್ಲಿ ವಂದನೆ. ನಿನ್ನ ಮೂರು ಪತ್ರಗಳೂ ತಲುಪಿವೆ. ಒಂದಕ್ಕೂ ಉತ್ತರ ಬರೆಯದೆ ನಾಲ್ಕು ತಿಂಗಳು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ. ಬೈಯುವುದಿದ್ದರೆ ಈಗಲೇ ಬೈದು ಮುಗಿಸು, ಆಮೇಲೆ ಓದು. ಹಾಸ್ಟೆಲ್ಲಿನಲ್ಲಿ ಬೆಳಗಿನ ಪ್ರಾರ್ಥನೆಗೆ ಗಂಟೆ ಬಾರಿಸಿ ಬಾರಿಸಿ ಆ ಹೆಸರು ಸಂಪಾದಿಸಿದವನು ನೀನು. ಸಭಾಪಾಲಕನಾಗಿ ಇಷ್ಟು ವರ್ಷವಾದರೂ ಬಾರಿಸುವುದನ್ನು ಬಿಟ್ಟಿಲ್ಲ. ಮೂರೂ ಪತ್ರಗಳ ಕೊನೆಯಲ್ಲಿ ಒಂದೇ ಪ್ರಶ್ನೆ: "ಈಗ ಎಷ್ಟನೇ ದಿನ?"

ಸೊನ್ನೆ, ಮಾರಾಯ. ನಿನ್ನ ಎರಡನೇ ಪತ್ರ ಬಂದ ವಾರ ಸೊನ್ನೆ. ಅದಕ್ಕೆ ಮುಂಚೆ ನಲವತ್ತೊಂದು, ಅದಕ್ಕೂ ಮುಂಚೆ ಹತ್ತೊಂಬತ್ತು. ನೀನು ಕೊಟ್ಟ ಚಾರ್ಟನ್ನು ಮೇಜಿನ ಡ್ರಾಯರಿನಲ್ಲಿಟ್ಟು ಬೀಳದೆ ಉಳಿದ ದಿನಕ್ಕೊಂದು ಮನೆ ತುಂಬಿಸುತ್ತಾ ಹೋದೆ. ಹಾವು ಏಣಿ ಆಟದ ಹಲಗೆಯಂತೆ ಕಾಣತೊಡಗಿತು, ಅದೂ ಏಣಿಗಳೇ ಇಲ್ಲದ ಹಲಗೆ. ಹದಿನಾರು ವರ್ಷದ ಚಟ. ಅಶ್ಲೀಲ ವಿಡಿಯೋ ನೋಡುವವನು ನಾನು ಎಂದು ನಿನ್ನೆದುರಿಗೇ ನನ್ನ ಹೆಂಡತಿಯ ಹತ್ತಿರ ಒಪ್ಪಿಕೊಂಡು ಎರಡು ವರ್ಷವಾಯಿತು. ಆ ದಿನ ನೀವಿಬ್ಬರೂ ನನಗಾಗಿ ಅತ್ತಿರಿ. ಅಳು ಮುಗಿಸಿ ನೀನು ಚಟ ಬಿಡುವ ಉಪಾಯಗಳ ಪಟ್ಟಿ ಬರೆದುಕೊಟ್ಟೆ. ಆ ಪಟ್ಟಿಯ ಬಗ್ಗೆ ನಾಲ್ಕು ಮಾತು ಹೇಳಲೇಬೇಕು, ಇಲ್ಲದಿದ್ದರೆ ನನ್ನ ಹೊಟ್ಟೆಯುರಿ ಆರುವುದಿಲ್ಲ.

ಒಂದು, ರಬ್ಬರ್ ಬ್ಯಾಂಡ್. ಕೆಟ್ಟ ಯೋಚನೆ ಬಂದಾಗೆಲ್ಲ ಮಣಿಕಟ್ಟಿನ ಮೇಲೆ ಚಟ್ ಎಂದು ಎಳೆದು ಬಿಡಬೇಕು ಎಂದಿದ್ದೆ ನೀನು. ಎಳೆದೆ. ಎಂಟು ದಿನಕ್ಕೆ ಮಣಿಕಟ್ಟು ಊದಿಕೊಂಡಿತು. ಪಕ್ಕದ ಔಷಧಿ ಅಂಗಡಿಯವನು ಅಲರ್ಜಿ ಎಂದು ಮುಲಾಮು ಕೊಟ್ಟ. ಯೋಚನೆ ಮಾತ್ರ ಬಂದ ದಾರಿಯಲ್ಲೇ ಬರುತ್ತಿತ್ತು, ಈಗ ಚಟ್ ಎಂಬ ಸದ್ದಿನೊಂದಿಗೆ.

ಇನ್ನೊಂದು, ನೀನು ಹಾಕಿಕೊಟ್ಟ ಆ ಕಾವಲು ಸಾಫ್ಟ್‌ವೇರ್. ಫೋನಿಗೂ ಸ್ಟುಡಿಯೋದ ಕಂಪ್ಯೂಟರಿಗೂ ಹಾಕಿ ಪಾಸ್‌ವರ್ಡನ್ನು ನೀನು ನಿನ್ನ ಹತ್ತಿರವೇ ಇಟ್ಟುಕೊಂಡೆ. ಸರಿ. ಆದರೆ ನಾನು ಫೋಟೋ ತಿದ್ದುವ ಕೆಲಸದವನು ಎಂಬುದು ನಿನಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ನಿವೃತ್ತ ಹೆಡ್‌ಮಾಸ್ತರೊಬ್ಬರು ಪಾಸ್‌ಪೋರ್ಟ್ ಅಳತೆಯ ಫೋಟೋಗೆ ಬಂದರು. ತಲೆ ಪೂರ್ತಿ ಬೋಳು, ನುಣ್ಣಗೆ ಹೊಳೆಯುತ್ತಿತ್ತು. ಫೋಟೋ ತೆರೆದೆ. ಪರದೆ ಕಪ್ಪಾಯಿತು, ಕೆಂಪು ಅಕ್ಷರದಲ್ಲಿ "ಅಸಭ್ಯ ಚಿತ್ರ, ತಡೆಹಿಡಿಯಲಾಗಿದೆ" ಎಂದು ಬಂತು. ಬೋಳುತಲೆಯಲ್ಲಿ ಚರ್ಮ ಜಾಸ್ತಿ ಕಂಡಿತಂತೆ ಅದಕ್ಕೆ! ಅವರು ಕನ್ನಡಕ ಏರಿಸಿ ಅದನ್ನು ಪೂರ್ತಿ ಓದಿದರು. "ನನ್ನ ಮುಖದಲ್ಲಿ ಅಂಥದ್ದೇನಿದೆಯಪ್ಪಾ?" ಎಂದು ಕೇಳಿದರು. ನಿನಗೆ ಫೋನ್ ಮಾಡಿದರೆ ನೀನು ಮೂರು ದಿನದ ಉಪವಾಸಕೂಟದಲ್ಲಿ ಫೋನ್ ಆಫ್ ಮಾಡಿ ಕೂತಿದ್ದೆ. ಅವರು ಎದುರಿನ ಅಂಗಡಿಗೆ ಹೋದರು. ಈಗಲೂ ರಸ್ತೆಯಲ್ಲಿ ಕಂಡರೆ ಟೋಪಿ ಸರಿಮಾಡಿಕೊಳ್ಳುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರುವುದು ನಿನ್ನ ಕೊನೆಯ ಸಲಹೆಯ ಮೇಲೆ. "ನಿನಗೆ ಕಲ್ಪನೆ ಜಾಸ್ತಿ ಕಣೋ ಗೂಬೆ, ಅದೇ ನಿನ್ನ ಕಷ್ಟ. ಮನಸ್ಸು ಖಾಲಿ ಮಾಡು" ಎಂದಿದ್ದೆ. ನನ್ನ ಈ ದುಂಡು ಕಣ್ಣುಗಳಿಂದಾಗಿಯೇ ಗೂಬೆ ಎಂದು ಹೆಸರಿಟ್ಟವನೂ ನೀನೇ. ಖಾಲಿ ಮಾಡಿದೆ. ಗುಡಿಸಿ ಖಾಲಿ ಬಿಟ್ಟ ಮನೆಗೆ ಏಳು ದೆವ್ವಗಳು ಬಂದು ಸೇರುತ್ತವೆಂದು ನೀನೇ ಎಷ್ಟು ಸಲ ಪ್ರಸಂಗ ಮಾಡಿಲ್ಲ? ನಲವತ್ತೆರಡನೇ ದಿನ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಷಟರ್ ಅರ್ಧ ಎಳೆದು ಕೂತಿದ್ದೆ. ದುಃಖ ಇರಲಿಲ್ಲ, ಆಸೆಯೂ ಅಷ್ಟೇನಿರಲಿಲ್ಲ. ಬೇಜಾರು, ಅಷ್ಟೇ. ಗಿರಾಕಿಯೊಬ್ಬ ಒಳಗಿನ ಫೋಟೋಗಳನ್ನು ಇಳಿಸಿಕೊಡಲೆಂದು ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪ್ ಮೇಜಿನ ಮೇಲಿತ್ತು, ಅದಕ್ಕೆ ನಿನ್ನ ಕಾವಲು ಇರಲಿಲ್ಲ. ಆಮೇಲೆ ಷಟರ್ ಎತ್ತಿ ಮುಖ ತೊಳೆದು ಒಂದು ಮದುವೆ ಆಲ್ಬಮ್ಮಿನ ಕೆಲಸಕ್ಕೆ ಕೂತೆ. ನನ್ನ ಮೇಲೆ ನನಗೇ ಎಷ್ಟು ರೇಗಿತ್ತೆಂದರೆ ಮದುಮಗನ ಮೀಸೆಯನ್ನೇ ಅಳಿಸಿಬಿಟ್ಟಿದ್ದೆ.

ಈಗ ಹೊಲಿಗೆ ಟೀಚರಮ್ಮನ ವಿಷಯಕ್ಕೆ ಬರುತ್ತೇನೆ. ಈ ಪತ್ರ ಬರೆಯುವ ಧೈರ್ಯ ಬಂದದ್ದೇ ಆಕೆಯಿಂದ.

ಜನವರಿಯಲ್ಲಿ ಬಂದರು. ಎಪ್ಪತ್ತು ದಾಟಿದ ಹೆಂಗಸು, ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದವರು. ಕೈಯಲ್ಲಿ ತೀರಿಹೋದ ಗಂಡನ ಫೋಟೋ. ನೀರು ಹೋಗಿ ಚೌಕಟ್ಟಿನ ಗಾಜಿಗೆ ಅಂಟಿಕೊಂಡು ಅರ್ಧ ಮುಖವೇ ಕಿತ್ತುಬಂದಿತ್ತು. ಇಂಥ ಕೆಲಸ ನನಗೆ ಹೊಸದಲ್ಲ. ನನ್ನ ಕಂಪ್ಯೂಟರಿನಲ್ಲಿ 'ಬಿಡಿಭಾಗ' ಎಂದೊಂದು ಫೋಲ್ಡರ್ ಇತ್ತು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಕೈಯಲ್ಲಿ ಹಾದುಹೋದ ಫೋಟೋಗಳಿಂದ ಕತ್ತರಿಸಿಟ್ಟ ಕಣ್ಣು, ಕಿವಿ, ಮೂಗು, ಶರ್ಟಿನ ಕಾಲರು. ಯಾರ ಮುಖದಲ್ಲಾದರೂ ಏನಾದರೂ ಹಾಳಾಗಿದ್ದರೆ ಅಲ್ಲಿಂದ ಹೊಂದುವುದನ್ನು ತಂದು ಕೂರಿಸಿ ಬಣ್ಣ ಸರಿಮಾಡುತ್ತಿದ್ದೆ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಟೀಚರಮ್ಮನ ಗಂಡನಿಗೂ ಒಂದು ಒಳ್ಳೆಯ ಎಡಗಣ್ಣು ಹುಡುಕಿ ಕೂರಿಸಿದೆ.

ಆಕೆ ಬಂದು ನೋಡಿದರು. ಬಟ್ಟೆಯ ಹೊಲಿಗೆ ಪರೀಕ್ಷಿಸುವವರ ಹಾಗೆ ಹತ್ತಿರ ಹಿಡಿದು ನೋಡಿದರು.

"ಈ ಕಣ್ಣು ಇವರದ್ದಲ್ಲ."

"ಅಮ್ಮಾ, ಬಲಗಣ್ಣಿಗೆ ಸರಿಯಾಗಿ ಹೊಂದುತ್ತೆ ನೋಡಿ."

"ಹೊಂದೋದು ಬೇರೆ. ಯಾರದ್ದು ಇದು?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ.

"ಯಾರದ್ದು ಅಂತ ಗೊತ್ತಿಲ್ಲದವರ ಕಣ್ಣು ತಂದು ನನ್ನ ಗಂಡನಿಗೆ ಅಂಟಿಸಿದ್ದೀರಾ? ಅಲ್ರೀ, ನಿಮಗೆ ಕಲ್ಪನೆ ಅನ್ನೋದೇ ಇಲ್ವಾ?"

ಗಂಟೆ, ನಾನು ಕುರ್ಚಿಯಲ್ಲೇ ನೆಟ್ಟಗಾದೆ. ಕಲ್ಪನೆ ಜಾಸ್ತಿ ಎಂದು ನೀನು, ಇಲ್ಲವೇ ಇಲ್ಲ ಎಂದು ಈಕೆ. ಆಕೆ ಸ್ಟೂಲ್ ಎಳೆದುಕೊಂಡು ಕೂತರು. "ಅಲ್ಲೊಬ್ಬ ಮನುಷ್ಯ ಕೂತಿದ್ದ ಅಂತ ಒಂದು ಸಲ ಅಂದ್ಕೊಳ್ಳಿ. ಆ ದಿನ ಬೆಳಿಗ್ಗೆ ಇವರ ಕೆಲಸ ಹೋಗಿತ್ತು. ನನಗೆ ಹೇಳಿರಲಿಲ್ಲ. ಹೇಳದೆ ನನ್ನನ್ನ ಕರ್ಕೊಂಡು ಫೋಟೋ ತೆಗೆಸೋಕೆ ಹೋದ್ರು, ನನಗೆ ಖುಷಿಯಾಗಲಿ ಅಂತ. ಸುಳ್ಳು ಹೇಳೋವಾಗ ಇವರ ಎಡಗಣ್ಣು ಸ್ವಲ್ಪ ಸಣ್ಣ ಆಗೋದು. ಆ ಸಣ್ಣ ಕಣ್ಣು ಬೇಕು ನನಗೆ. ಅದನ್ನ ಬಿಟ್ಟು ಈ ಅಂದದ ಕಣ್ಣು ತಗೊಂಡು ನಾನೇನು ಮಾಡ್ಲಿ?"

ನಾಲ್ಕು ಸಲ ಬಂದರು. ನಾಲ್ಕು ಸಲವೂ, ಶಾಲೆಯ ಹುಡುಗಿಯರಿಂದ ಮಾಡಿಸಿದ ಹಾಗೆ, ನನ್ನಿಂದಲೂ ಹಾಕಿದ ಹೊಲಿಗೆ ಬಿಚ್ಚಿಸಿ ಮತ್ತೆ ಹೊಲಿಸಿದರು. ಯಾರ ಕಣ್ಣನ್ನೂ ತರದೆ, ಉಳಿದಿದ್ದ ಒಂದು ಕಣ್ಣು ಮತ್ತು ಆಕೆಯ ಮಾತು, ಎರಡನ್ನೇ ಇಟ್ಟುಕೊಂಡು ಬಿಡಿಸಿದೆ. ಬಿಡಿಸುವಾಗ ಆ ಮನುಷ್ಯನ ಜೇಬು, ಜೇಬಿನಲ್ಲಿದ್ದ, ಕೆಲಸದಿಂದ ತೆಗೆದುಹಾಕಿದೆ ಎಂಬ ಕಾಗದ, ಪಕ್ಕದಲ್ಲಿ ಹೊಸ ಸೀರೆ ಉಟ್ಟು ಕೂತ ಹೆಂಡತಿ, ಎಲ್ಲ ನನ್ನ ಕಣ್ಣ ಮುಂದೆ ಬಂತು. ಅವರಿಗಾಗಿ ಪ್ರಾರ್ಥನೆಯೂ ಬಂತು, ತೀರಿಹೋದವರೆಂದು ನೆನಪಾಗುವ ಮೊದಲೇ. ಕೊನೆಯ ದಿನ ಆಕೆ ಫೋಟೋ ನೋಡಿ, "ಕಳ್ಳ" ಎಂದರು. ನನಗಲ್ಲ, ಗಂಡನಿಗೆ.

ಆಮೇಲೆ ಯೋಚಿಸಿದೆ. ಈ ಹದಿನಾರು ವರ್ಷ ನನ್ನ ತಲೆಯಲ್ಲಿದ್ದದ್ದೂ ಅದೇ ಫೋಲ್ಡರ್. ಬರೀ ಬಿಡಿಭಾಗ. ಯಾರದ್ದೆಂದು ಒಂದು ಸಲವೂ ಕೇಳಿಲ್ಲ. ಕರ್ತನು ನನಗೆ ಕಲ್ಪನಾಶಕ್ತಿ ಕೊಟ್ಟದ್ದು ಎದುರಿಗಿರುವವರು ಮನುಷ್ಯರೆಂದು ಅರಿಯುವುದಕ್ಕಾದರೆ, ನಾನು ಅದನ್ನು ಉಪಯೋಗಿಸಿಯೇ ಇಲ್ಲ. ಖಾಲಿ ಮಾಡುವುದಕ್ಕೆ ಅಲ್ಲಿ ಏನಿತ್ತು?

ಈಗ ನಾನು ಮಾಡುವುದು ಇಷ್ಟು. ಹಳೆಯ ಚಿತ್ರವೊಂದು ತಲೆಯೊಳಗೆ ಎದ್ದರೆ ಅಟ್ಟುವುದಕ್ಕೆ ಹೋಗುವುದಿಲ್ಲ, ರಬ್ಬರ್ ಬ್ಯಾಂಡೂ ಇಲ್ಲ. ಪ್ರಶ್ನೆ ಕೇಳುತ್ತೇನೆ. ತಾಯೀ, ಬೆಳಿಗ್ಗೆ ನಿಮ್ಮನ್ನು ಎಬ್ಬಿಸಿದವರು ಯಾರು? ಮನೆಗೆ ಬೀಗ ಹಾಕಿ ಬಂದಿರಾ? ಆ ಕೋಣೆಯಲ್ಲಿ ಚಪ್ಪಲಿ ಎಲ್ಲಿ ಬಿಟ್ಟಿದ್ದಿರಿ? ವಾಪಸ್ ಹೋಗುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತೇ? ಚಪ್ಪಲಿಯ ತನಕ ಬರುವಷ್ಟರಲ್ಲಿ ಚಿತ್ರ ಹೋಗಿ ಒಬ್ಬ ಹೆಂಗಸು ಉಳಿದಿರುತ್ತಾಳೆ, ಸಾಮಾನ್ಯವಾಗಿ ಸುಸ್ತಾದ ಹೆಂಗಸು. ಆಕೆಗಾಗಿ ಪ್ರಾರ್ಥಿಸುತ್ತೇನೆ. ಪ್ರಾರ್ಥಿಸಿದ ಮೇಲೆ ಆಕೆಯನ್ನು ಮೊದಲಿನಂತೆ ನೋಡುವುದಕ್ಕೆ ನಾಚಿಕೆಯಾಗುತ್ತದೆ.

ಗೆದ್ದೆ ಎಂದು ಪ್ರಸಂಗದಲ್ಲಿ ಹೇಳಲು ಹೊರಡಬೇಡ. ಎರಡು ಸಲ ಈ ಉಪಾಯವೂ ಕೈಕೊಟ್ಟಿದೆ. ಒಂದು ಸಲವಂತೂ ಚಪ್ಪಲಿಯ ಪ್ರಶ್ನೆ ಕೇಳುವ ಮನಸ್ಸೇ ನನಗಿರಲಿಲ್ಲ. ಆದರೆ ಚಾರ್ಟು ಹರಿದು ಹಾಕಿದ್ದೇನೆ, ಮತ್ತೊಂದು ಕಳಿಸಬೇಡ. 'ಬಿಡಿಭಾಗ' ಫೋಲ್ಡರನ್ನೂ ಅಳಿಸಿದೆ. ಈಗ ಒಂದೊಂದು ಹಳೆಯ ಫೋಟೋಗೂ ಮೂರು ಪಟ್ಟು ಹೊತ್ತು ಹಿಡಿಯುತ್ತದೆ. ಗಿರಾಕಿಗಳನ್ನು ಕೂರಿಸಿಕೊಂಡು "ಇವರು ಹೇಗೆ ನಗುತ್ತಿದ್ದರು?" ಎಂದು ಕೇಳಿದರೆ ಅರ್ಧ ಜನ "ಅದೆಲ್ಲ ಯಾಕ್ರೀ, ಬೇಗ ಕೊಡಿ" ಎನ್ನುತ್ತಾರೆ. ಉಳಿದರ್ಧ ಜನ ಒಂದು ಗಂಟೆ ಕೂತು ಮಾತಾಡುತ್ತಾರೆ. ಯಾರು ಹೆಚ್ಚು ತಲೆ ತಿನ್ನುತ್ತಾರೆಂದು ಹೇಳುವುದು ಕಷ್ಟ.

ಮನೆಯ ವಿಷಯ ಕೇಳಿದ್ದೀಯ. ಮಗಳು ಚೆನ್ನಾಗಿದ್ದಾಳೆ, ಪರೀಕ್ಷೆಗೆ ಓದುತ್ತಿದ್ದಾಳೆ. ನನ್ನಾಕೆ ನವೆಂಬರಿನಿಂದ ಮಗಳ ಕೋಣೆಯಲ್ಲಿ ಮಲಗುತ್ತಿದ್ದಾಳೆ. ಬೇಕಾದಷ್ಟೇ ಮಾತು: ಗ್ಯಾಸ್ ಮುಗಿದಿದೆ, ನಲ್ಲಿ ಸೋರುತ್ತಿದೆ. ಆರಾಧನೆಗೆ ಒಂದೇ ಬೆಂಚಿನಲ್ಲಿ ಕೂರುತ್ತೇವೆ, ನಡುವೆ ಆಕೆಯ ಕೈಚೀಲ ಇರುತ್ತದೆ. ಹೀಗೇ ಹೋದರೆ ಮಗಳ ಪರೀಕ್ಷೆ ಮುಗಿದ ಮೇಲೆ ಅಕ್ಕನ ಮನೆಗೆ ಹೋಗುತ್ತೇನೆ ಎಂದಿದ್ದಾಳೆ, ವಾಪಸ್ಸು ಯಾವಾಗ ಎಂದು ಹೇಳಿಲ್ಲ. ಆಕೆಯ ಮುನಿಸಿನ ಸುದ್ದಿ ಎಲ್ಲಿಂದಲೋ ಕೇಳಿ, ನಾನು ಮತ್ತೆ ಸಿಕ್ಕಿಬಿದ್ದೆನೆಂದು ನೀನು ಊಹಿಸಿ ಮೂರು ಪುಟ ಉಪದೇಶ ಬರೆದೆ. ಅದಲ್ಲ. ನಾನು ಬಿದ್ದ ದಿನಗಳನ್ನೆಲ್ಲ ಆಕೆ ಸಹಿಸಿಕೊಂಡಿದ್ದಾಳೆ, ನಿನಗಿಂತ ಕಡಿಮೆ ಮಾತಿನಲ್ಲಿ.

ನಿನ್ನ ಸಭೆಗೂ ನಿನ್ನ ಮನೆಗೂ ಕರ್ತನ ಸಮಾಧಾನವಿರಲಿ. ನಿನ್ನ ಮಂಡಿನೋವು ಕಡಿಮೆಯಾಗಲಿ, ಪ್ರಸಂಗಗಳು ಚಿಕ್ಕವಾಗಲಿ. ಇಷ್ಟೆಲ್ಲ ರೇಗಿದ್ದಕ್ಕೆ ಮುಖ ಊದಿಸಿಕೊಳ್ಳಬೇಡ. ರೇಗುವುದಕ್ಕೆ ನನಗೆ ಬೇರೆ ಯಾರಿದ್ದಾರೆ?

ನಿನ್ನ
ಗೂಬೆ

ಮರೆತ ಮಾತು: ಮರೆತದ್ದೇನಲ್ಲ, ಮೇಲೆ ಬರೆಯುವ ಧೈರ್ಯ ಬರಲಿಲ್ಲ. ನಮ್ಮ ಸಭೆಯ ಐವತ್ತನೇ ವರ್ಷದ ಪುಸ್ತಕಕ್ಕೆ ಎಲ್ಲ ಕುಟುಂಬಗಳ ಫೋಟೋ ತೆಗೆದು ತಿದ್ದಿಕೊಟ್ಟವನು ನಾನೇ. ನವೆಂಬರಿನಲ್ಲಿ ಪುಸ್ತಕ ಮನೆಗೆ ಬಂತು. ಆಕೆ ನಮ್ಮ ಪುಟ ತೆರೆದು ಬಹಳ ಹೊತ್ತು ನೋಡಿದಳು. "ನನ್ನ ಕೆನ್ನೆ ಎಲ್ಲಿ?" ಎಂದಳು. ಚಿಕ್ಕಂದಿನಲ್ಲಿ ಆಕೆಯ ಕೆನ್ನೆಗೆ ಬಿಸಿ ಹಾಲು ಬಿದ್ದು ಆದ ಸುಟ್ಟ ಕಲೆ, ಹೆಬ್ಬೆರಳಿನಷ್ಟು ದೊಡ್ಡದು. ಅಳಿಸಬೇಕೆಂದು ಅಳಿಸಿದ್ದಲ್ಲ, ಗಂಟೆ. ಕೈ ತಾನಾಗಿ ಹೋಗಿ ಅಳಿಸಿತ್ತು, ನಾನು ನೋಡಿಯೂ ಇರಲಿಲ್ಲ. ಹಾಗೇ ಹೇಳಿದೆ. ಆಕೆ ಪೆನ್ನು ತಂದು ಪುಸ್ತಕದ ಮೇಲಿಟ್ಟು, "ಹಾಗಾದ್ರೆ ವಾಪಸ್ ಹಾಕಿ" ಎಂದಳು. ನಾನು ಪೆನ್ನು ತೆಗೆದುಕೊಂಡು ಬಲಗೆನ್ನೆಯ ಮೇಲೆ ಬರೆದೆ. ಅದಿರುವುದು ಎಡಗೆನ್ನೆಯಲ್ಲಿ. ಫೋಟೋದಲ್ಲಿ ಎಡಬಲ ಗೊಂದಲವಾಗುತ್ತದೆ ಎಂದು ನನ್ನ ಪರ ವಾದಿಸಬೇಡ, ಇಪ್ಪತ್ತೆರಡು ವರ್ಷದಿಂದ ಅದೇ ನನ್ನ ಕೆಲಸ. ಅಲ್ಲೆಲ್ಲೋ ಒಂದು ಕಡೆ ಎಂದಷ್ಟೇ ನನಗೆ ಗೊತ್ತಿತ್ತು. ಆಕೆ ಎದ್ದು ತನ್ನ ತಲೆದಿಂಬು ತೆಗೆದುಕೊಂಡು ಮಗಳ ಕೋಣೆಗೆ ಹೋದಳು.

ನಿನ್ನೆ ಸಂಜೆ ಸ್ಟುಡಿಯೋಗೆ ಬಂದಳು. ತಾನಾಗಿಯೇ. ಟೀಚರಮ್ಮ ಕೂರುತ್ತಿದ್ದ ಸ್ಟೂಲಿನ ಮೇಲೆ ಕೂತಳು. ನಾನು ದೀಪ ಹಾಕಿ ಕ್ಯಾಮೆರಾ ಎತ್ತಿಕೊಂಡೆ. "ಅದನ್ನ ಇಡಿ," ಎಂದಳು, "ಸುಮ್ನೆ ನೋಡಿ." ನೋಡಿದೆ. ಲೆಕ್ಕವಿಲ್ಲದಷ್ಟು ಹೆಂಗಸರನ್ನು ಗಂಟೆಗಟ್ಟಲೆ ನೋಡಿದವನು ನಾನು. ಎರಡು ನಿಮಿಷವೂ ಆಗಿರಲಿಲ್ಲ, ನನ್ನ ಕಣ್ಣು ನೆಲಕ್ಕೆ ಬಿತ್ತು.

ಆಕೆ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲ ತನಕ ಹೋಗಿ ನಿಂತಳು. "ನಾಳೆ ಮತ್ತೆ ಬರ್ತೀನಿ" ಎಂದಳು. ಈಗ ಐದು ಗಂಟೆಯಾಗುತ್ತಾ ಬಂತು. ಸ್ಟೂಲ್ ಒರೆಸಿ ಇಟ್ಟಿದ್ದೇನೆ.