ಮೀಸೆಯಿಲ್ಲದ ರಾಜ

ಮಾರ್ಚ್ 3, ಮಧ್ಯಾಹ್ನ

ಬೆಳಗಿನಿಂದ ಗಾಜು ಕತ್ತರಿಸಿ ಬೆರಳು ಉರಿ. ಹಲ್ಲಿನ ಡಾಕ್ಟರು ತಮ್ಮ ಹಳೇ ಸಿಗರೇಟ್ ಕಾರ್ಡುಗಳಿಗೆ ಫ್ರೇಮ್ ಹಾಕಿಸಲು ನನ್ನ ಅಂಗಡಿಗೆ ಬಂದರು. ಆ ಕಾಲದಲ್ಲಿ ಪ್ಯಾಕಿಗೊಂದು ಇರುತ್ತಿತ್ತು — ಮುಂದೆ ನಾಟಕದವರ ಫೋಟೊ, ಹಿಂದೆ ಜಾಹೀರಾತು. ಹತ್ತನೇ ತಾರೀಕು ಪ್ರದರ್ಶನವಂತೆ.

ಒಂದನ್ನು ನೋಡಿ ಕೈ ನಿಂತಿತು. ಕಿರೀಟ, ಕತ್ತಿ, ಹುರಿಮೀಸೆ, ಬಾಯ್ತುಂಬ ನಗು. ಡಾಕ್ಟರ ಚೀಟಿ: ‘ರಾಜನ ಪಾತ್ರದಲ್ಲಿ ಅಜ್ಞಾತ ನಟ.’

ನಟನೂ ಅಲ್ಲ, ಅಜ್ಞಾತನೂ ಅಲ್ಲ. ನಾಟಕದಲ್ಲಿ ಗಂಡು ಪಾತ್ರ ಮಾಡುತ್ತಿದ್ದ ನಮ್ಮಜ್ಜಿ!

ಹೇಳಿದೆ. ನಕ್ಕರು. "ಈ ಮೀಸೆ ನೋಡಮ್ಮ! ಸಾಕ್ಷಿ ಇದ್ರೆ ತಗೊಂಡ್ ಬಾ, ಚೀಟಿ ಬದಲಾಯಿಸ್ತೀನಿ."

ಮೈಯೆಲ್ಲ ಉರಿದುಹೋಯಿತು.

ಸಂಜೆ

ಮನೆಗೆ ಬಂದು ಹೇಳಿದೆ. ಅಮ್ಮ ಟ್ರಂಕ್ ತೆಗೆದಳು. ಅದೇ ಕಾರ್ಡ್. ಆದರೆ ಮೂಗಿನ ಕೆಳಗೆ ಬೆಳ್ಳಗೆ, ಒರಟು. ಮೀಸೆ ಮಾಯ.

"ಬ್ಲೇಡಲ್ಲಿ ಕೆರೆದೆ ಕಣೇ. ಕ್ಲಾಸಲ್ಲಿ ಎಲ್ರ ಹತ್ರಾನೂ ಈ ರಾಜ ಇದ್ದ. ಇದು ನಮ್ಮಮ್ಮ ಅಂದ್ರೆ ಒಬ್ರೂ ನಂಬ್ಲಿಲ್ಲ."

"ಅಜ್ಜಿ ಬೈಲಿಲ್ವಾ?"

"ಬೈಯದೇ ಬಿಡ್ತಾಳಾ? ‘ಹಾಳಾದೋಳೇ, ಆ ಮೀಸೆ ಕಣೇ ನಮ್ಗೆ ಅನ್ನ ಹಾಕೋದು!’ ಅಂದ್ಳು. ಆಮೇಲೆ ಬಿದ್ದು ಬಿದ್ದು ನಕ್ಳು."

ಮಾರ್ಚ್ 5

ಅಮ್ಮನನ್ನೂ ಕರೆದುಕೊಂಡು ಡಾಕ್ಟರ ಮನೆಗೆ ಹೋದೆ. ಕಾರ್ಡ್ ನೋಡಿ ಹೌಹಾರಿದರು. "ಛೆ ಛೆ, ಯಾರಮ್ಮ ಇದನ್ನ ಹಾಳ್ ಮಾಡಿದ್ದು?"

"ನಾನೇ," ಅಂದಳು ಅಮ್ಮ, ಎದೆ ಸೆಟೆಸಿ. "ಈಗ ಅದನ್ನ ನೋಡಿ. ಆಮೇಲೆ ನನ್ನ ನೋಡಿ."

ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು. ಕೊನೆಗೆ ಅಭ್ಯಾಸಬಲ — "ಎಲ್ಲಿ, ಹಲ್ಲು ತೋರ್ಸಿ." ಅಮ್ಮನ ಮುಂದಿನ ಹಲ್ಲಿನ ಮೇಲೇರಿದ ಇನ್ನೊಂದು ಹಲ್ಲು. ರಾಜನಿಗೂ ಅಲ್ಲೇ!

"ಸೋತೆ ತಾಯಿ."

ಎರಡೂ ಕಾರ್ಡ್ ಒಂದೇ ಫ್ರೇಮಿನಲ್ಲಿ, ಅಕ್ಕಪಕ್ಕ. ಹೊಸ ಚೀಟಿಯನ್ನು ಅಮ್ಮನೇ ಹೇಳಿ ಬರೆಸಿದಳು. ಮೊದಲು ಅಜ್ಜಿಯ ಹೆಸರು, ದಪ್ಪ ಅಕ್ಷರದಲ್ಲಿ. ರಾಜ ಅನ್ನೋದು ಆಮೇಲೆ.

ಮಾರ್ಚ್ 10, ಸಂಜೆ 4

ಐದಕ್ಕೆ ಪ್ರದರ್ಶನ. ಹೆಮ್ಮೆಗೆ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಅಂಗಡಿಗೆ ಬಂದವರಿಗೆಲ್ಲ ಡಂಗುರ ಸಾರಿದ್ದೇನೆ.

ಅಮ್ಮ ಕನ್ನಡಿ ಮುಂದೆ. ಐಬ್ರೋ ಪೆನ್ಸಿಲ್ ಕೊಡು ಅಂದಳು. ಈ ವಯಸ್ಸಲ್ಲಿ ಹುಬ್ಬು ತೀಡ್ತೀಯಾ ಅಂತ ಕಿಚಾಯಿಸಿದೆ.

"ಹುಬ್ಬಿಗಲ್ಲ ಕಣೇ. ಅವತ್ತು ಕೆರೆದದ್ದನ್ನ ಇವತ್ತು ವಾಪಸ್ ಕೊಡ್ಬೇಕು."

ಎಡಗಡೆ ಮೀಸೆ ಅವಳೇ ಬರೆದುಕೊಂಡಳು, ತುದಿ ಮೇಲಕ್ಕೆ ತಿರುವಿ. ಬಲಗಡೆಯದಕ್ಕೆ ನನ್ನನ್ನು ಕರೆಯುತ್ತಿದ್ದಾಳೆ, ಹೋಗಬೇಕು—