ಮೋಟಾರ್ ಬಿಚ್ಚಿ ಬರ್ರಿ

ಮಾರ್ಚ್ 9, ಸೋಮವಾರ

ಇವತ್ತಿನ ವಿಡಿಯೋ ಎಡಿಟಿಂಗ್ ಮುಗಿಸಿ ಅಪ್‌ಲೋಡ್‌ಗೆ ಇಟ್ಟಿದ್ದೇನೆ. ರಂಗಂಪೇಟೆಯ ನೆಟ್‌ವರ್ಕ್... ಅದು ಮುಗಿಯುವ ಹೊತ್ತಿಗೆ ಖಾನಾವಳಿಗೆ ಕಳಿಸುವ ಅವ್ವನ ರೊಟ್ಟಿಗಳೂ ಮುಗಿದಿರುತ್ತವೆ.

ಇವತ್ತು ನೀರಿನ ಆಫೀಸಿನ ಮುಂದೆ ನಮ್ಮ ಓಣಿಯವರ ಧರಣಿ. ಖಾಲಿ ಕೊಡ ಹಿಡಿದು ಸುಗಲಮ್ಮಕ್ಕ ಎಲ್ಲರ ಮುಂದೆ. 'ನೀರು ನಮ್ಮ ಹಕ್ಕು!' ನಾನೂ ಕೂಗಿದೆ. ಚಾನೆಲ್ ನಡೆಸುವವಳು ಕೂಗಬಾರದೆಂದು ಯಾರೂ ಹೇಳಿಲ್ಲವಲ್ಲ. ಆಮೇಲೆ ಕ್ಯಾಮೆರಾ ಎದುರೇ ಕೇಳಿಬಿಟ್ಟೆ: "ನಳಕ್ಕ ಮೋಟಾರ್ ಹಚ್ಚಿದವ್ರು ಕೈ ಎತ್ರಿ." ಒಂದು ಕೈಯೂ ಮೇಲೇಳಲಿಲ್ಲ. ಹಾಗಾದರೆ ನೀರು ಬಿಟ್ಟ ದಿನ ಓಣಿ ತುಂಬ ಗುರ್ ಅನ್ನುವುದು ಏನು?

"ವಾರಕ್ಕೊಮ್ಮೆ ಬಿಡೋ ಆಫೀಸಿನವ್ರನ್ನ ಬಿಡಬ್ಯಾಡ್ರಿ. ಕೇಳೋದು ನಮ್ಮ ಹಕ್ಕು. ಆದ್ರ ಕೊನೀ ಮನಿ ಪಾಲಿನ ನೀರು ಎಳಕೊಳ್ಳೋದು ತಪ್ಪು. ಮೋಟಾರ್ ಬಿಚ್ಚಿ ಬರ್ರಿ, ಇನ್ನೂ ಜೋರ್ ಕೇಳೋಣು" ಅಂದೆ.

ಕೊನೆಯ ಮನೆಗಳು ಎರಡು. ನಮ್ಮದು, ಎದುರಿಗೆ ಮಜೀದಾಳದು. ಇಬ್ಬರಲ್ಲೂ ಮೋಟಾರ್ ಇಲ್ಲ.

ಅವ್ವ ಅಂದಳು: "ಸುಮ್ನ ಇರಾಕ ಬರಂಗಿಲ್ಲೇನು ನಿನಗ?"

ಮಾರ್ಚ್ 11

ಯಾವನೋ ನನ್ನ ವಿಡಿಯೋ ಕತ್ತರಿಸಿದ್ದಾನೆ. ಹಿಂದಿಲ್ಲ, ಮುಂದಿಲ್ಲ. 'ಮೋಟಾರ್ ಬಿಚ್ಚಿ ಬರ್ರಿ', ಅಷ್ಟೇ. ಸುರಪುರ, ಶಹಾಪುರ, ಯಾದಗಿರಿ — ಎಲ್ಲ ಗ್ರೂಪಿನಲ್ಲೂ ಅದೇ. ದೋರನಹಳ್ಳಿ ಚಿಗವ್ವನಿಗೂ ಮುಟ್ಟಿದೆ. ಕೆಳಗೆ ಕಾಮೆಂಟುಗಳು: ಆಫೀಸಿನ ಚಮಚಾ. ಎಷ್ಟು ತಿಂದಿ? ಇಂಥಾಕಿಗೆ ಗಂಡ ಹ್ಯಾಂಗ ಸಿಗ್ತಾನ?

ನೀರಿಗೂ ನನ್ನ ಗಂಡನಿಗೂ ಏನು ಸಂಬಂಧ! ಮೂರು ಬೇಸಿಗೆ ಇದೇ ನೀರಿನ ಸುದ್ದಿ ಮಾಡಿದೆ. ಆಗ ಶೇರ್ ಮಾಡಲು ಒಬ್ಬರಿಗೂ ಬೆರಳಿರಲಿಲ್ಲ. ಈಗ ನೋಡಬೇಕು ಉತ್ಸಾಹ.

ಮಾರ್ಚ್ 12, ಮಧ್ಯಾಹ್ನ

ಸುಗಲಮ್ಮಕ್ಕ ಬಂದಿದ್ದಳು. ಹೊಸ್ತಿಲು ದಾಟಲಿಲ್ಲ.

"ಕ್ಷಮಾ ಕೇಳಿ ವಿಡಿಯೋ ಹಾಕು."

"ಯಾವ ತಪ್ಪಿಗಕ್ಕಾ?"

"ಓಣಿ ಮರ್ಯಾದಿ ತಗದಿದ್ದಕ್ಕ. ನಾ ಬಿಚ್ಚಿದ್ರ ಮಗ್ಗಲ ಮನಿಯವ ಬಿಚ್ಚತಾನೇನು? ಅವನ ಟಾಕಿ ತುಂಬತದ, ನನ್ನ ಮಕ್ಕಳ ಬಾಯಿ ಒಣಗತಾವ. ಮೊದಲ ಆಫೀಸಿನವ್ರು ದಿನಾ ನೀರು ಬಿಡ್ಲಿ. ಮೋಟಾರ್ ನಾನೇ ಗುಜರಿಗೆ ಹಾಕ್ತೀನಿ."

ಅವಳ ಮಾತಿನಲ್ಲೂ ಹುರುಳಿದೆ, ಅದೇ ಸಿಟ್ಟು. ಆದರೂ ಕ್ಷಮೆ ಕೇಳುವುದಿಲ್ಲ ಅಂದೆ. ಆಡಿದ್ದು ನಿಜ ತಾನೇ?

ಮಾರ್ಚ್ 19, ಉಗಾದಿ

ಬೇವಿನ ಪಾನಕ ಓಣಿಯೆಲ್ಲ ಹಂಚಿದರು, ನಮ್ಮ ಮನೆಯೊಂದನ್ನು ಬಿಟ್ಟು. ಸಂಜೆ ರೋಜಾ ಉಪವಾಸ ಬಿಟ್ಟ ಮೇಲೆ ಮಜೀದಾ ಬಂದಳು. "ನನ್ನ ಪಾಲಿನ ಬೇವು ಎಲ್ಲಿ ಅದ?" ಅಂತ ಕೇಳಿ, ಕೂತು ಕುಡಿದು ಹೋದಳು. ಒಬ್ಬಳಾದರೂ ಇದ್ದಾಳೆ.

ಖಾನಾವಳಿಯ ಲಕ್ಷ್ಮಿಕಾಂತ ಹಬ್ಬಕ್ಕೆ ಮುಂಚೆಯೇ ರೊಟ್ಟಿ ಬೇಡ ಅಂದ. "ಗಿರಾಕಿಗಳು ಮಾತಾಡಾಕತ್ತಾರ, ಉಮಾ. ನನ್ನ ಹೊಟ್ಟಿನೂ ನೋಡು." ಅವ್ವ ಆರಿದ ಒಲೆಯ ಮುಂದೆ ಸುಮ್ಮನೆ ಕೂತಿದ್ದಾಳೆ. ಬೈದಿದ್ದರೆ ಚೆನ್ನಾಗಿತ್ತು. ಈ ಮನೆ ನಡೆಯುವುದು ಅವಳ ರೊಟ್ಟಿಯಿಂದ, ನನ್ನ ಚಾನೆಲ್‌ನಿಂದಲ್ಲ.

ಮಾರ್ಚ್ 20

ಆಫೀಸಿನಿಂದ ಫೋನ್. ಸಾಹೇಬರಿಗೆ ಬಹಳ ಖುಷಿಯಂತೆ! ಭಾನುವಾರ ಜಲದಿನದ ಕಾರ್ಯಕ್ರಮದಲ್ಲಿ ನನಗೆ ಶಾಲು ಹೊದಿಸುತ್ತಾರಂತೆ.

"ತಪ್ಪು ಜನರದ್ದೇ ಅಂತ ಧೈರ್ಯದಿಂದ ಹೇಳೀರಿ ಮೇಡಂ. ಕರ್ತವ್ಯ ಮಾಡದವ್ರಿಗೆ ಹಕ್ಕು ಎಲ್ಲಿಂದು?"

"ಹಂಗ ನಾ ಅಂದೇ ಇಲ್ರಿ. ದಿನಾ ನೀರು ಯಾವಾಗಿಂದ ಬಿಡ್ತೀರಿ?"

"ಅದು ಆಮ್ಯಾಲ ನೋಡೋಣ್ರಿ."

ಶಾಲು ನೀವೇ ಹೊದ್ದುಕೊಳ್ಳಿ ಅಂದು ಫೋನ್ ಇಟ್ಟೆ.

ಮಾರ್ಚ್ 23

ಆಫೀಸಿನ ಗೋಡೆಯ ಮೇಲೆ ನನ್ನ ಮುಖ. ಕೆಳಗೆ ದಪ್ಪ ಅಕ್ಷರದಲ್ಲಿ: ಮೋಟಾರ್ ಬಿಚ್ಚಿ ಬರ್ರಿ. ಮತ್ತೆ ಕೊಡ ಹಿಡಿದು ಹೋದ ಹೆಂಗಸರಿಗೆ ಜವಾನ ಅದನ್ನೇ ತೋರಿಸಿದನಂತೆ. "ನಿಮ್ಮ ಓಣಿಯಾಕಿನ ಹೇಳ್ಯಾಳ, ನೋಡ್ರಿ." ಅರ್ಜಿಯನ್ನೂ ಮುಟ್ಟಲಿಲ್ಲವಂತೆ.

ಮಜೀದಾ ಫೋನ್ ಮಾಡಿ ಹೇಳಿದ ಕೂಡಲೇ ಓಡಿದೆ. ಎಲ್ಲರೆದುರು ನನ್ನ ಮುಖವನ್ನು ನಾನೇ ಪರಪರ ಹರಿದೆ. ಸುಗಲಮ್ಮಕ್ಕ ವಿಡಿಯೋ ಮಾಡಿದಳು. 'ತಪ್ಪು ಒಪ್ಪಿಕೊಂಡ ಉಮಾ' ಅಂತ ಹೆಸರಿಟ್ಟು ಹಾಕಿದ್ದಾಳೆ.

ನಾನೆಲ್ಲಿ ಒಪ್ಪಿಕೊಂಡೆ! ಅರ್ಧ ಮಾತು ಓಣಿಯವರು ನುಂಗಿದರು, ಇನ್ನರ್ಧ ಆಫೀಸಿನವರು. ಯಾರ ಮುಂದೆ ಹೇಳಲಿ...

ಮಾರ್ಚ್ 26

ಈಗ ನಾನು ಹುಲಿಯಂತೆ. ಓಣಿಯ ಮಗಳಂತೆ. ಬೈದವರದೇ ಕಾಮೆಂಟು. ಲಕ್ಷ್ಮಿಕಾಂತ ತಾನೇ ಬಂದ. ಶನಿವಾರ ಮದುವೆ ಆರ್ಡರ್, ರೊಟ್ಟಿ ಎಂದಿಗಿಂತ ಜಾಸ್ತಿ ಬೇಕಂತೆ. ಅವ್ವ ನಕ್ಕಳು. ಎಷ್ಟೋ ದಿನಕ್ಕೆ.

ಹಿಂದೆಯೇ ಸುಗಲಮ್ಮಕ್ಕ. ಇವತ್ತು ಒಳಗೇ ಬಂದು ಕೂತಳು. ತನ್ನ ಹಳೇ ಮೋಟಾರ್ ತಂದಿದ್ದಾಳೆ.

"ಅಷ್ಟು ರೊಟ್ಟಿಗಿ ನಿಮ್ಮವ್ವ ನೀರು ಎಲ್ಲಿಂದ ತರ್ತಾಳ? ಇಟ್ಕೋ. ಈಗ ನೀನೂ ನಮ್ಮಾಕಿ."

ಬೇಡವೇ ಬೇಡ ಅಂದೆ. ಅವ್ವ ಎತ್ತಿ ಒಳಗಿಟ್ಟಳು. "ನಿನ್ನ ಮಾತು ಹಾಕಿ ಹಿಟ್ಟು ಕಲಸಾಕ ಬರಂಗಿಲ್ಲವ್ವ."

ಜಗಳವಾಡಿದೆ. ಅತ್ತೆ. ಮೋಟಾರ್ ಒಳಗೇ ಇದೆ.

ಮಾರ್ಚ್ 28, ಬೆಳಿಗ್ಗೆ

ನೀರು ಬಿಟ್ಟರು. ಓಣಿ ಗುರ್ ಅನ್ನುತ್ತಿದೆ. ನಮ್ಮ ನಳದಲ್ಲಿ ನೂಲಿನಷ್ಟು. ಬುಟ್ಟಿ ತುಂಬ ಹಿಟ್ಟು ಕಾಯುತ್ತಿದೆ, ಸ್ವಲ್ಪ ಹೊತ್ತಿಗೆ ಖಾನಾವಳಿಯವರು ಬರುತ್ತಾರೆ. ಸುಗಲಮ್ಮಕ್ಕ ನಿನ್ನೆಯೇ ಪೈಪ್ ಜೋಡಿಸಿಕೊಟ್ಟು ಹೋಗಿದ್ದಾಳೆ. ಅವ್ವನಿಗೆ ಕರೆಂಟ್ ಅಂದರೆ ಭಯ.

"ಸ್ವಿಚ್ ಹಾಕ್ತಿಯೋ ಇಲ್ಲೋ, ಉಮಾ?"

ಹಾಕಿದೆ.

ನಮ್ಮ ನಳ ಹೀಗೆ ಧೋ ಅಂದದ್ದು ಎಂದೂ ನೋಡಿಲ್ಲ. ಕೊಡ ತುಂಬಿತು, ಬಕೆಟ್ ತುಂಬಿತು. ಅವ್ವ ಹಾಡಿಕೊಳ್ಳುತ್ತ ಹಂಡೆ ಎಳೆದಳು. ಅಳು ಬರಬೇಕಿತ್ತು. ಖುಷಿಯಾಯಿತು. ಅದಕ್ಕೇ ನಾಚಿಕೆಯಾಗಿ ಇಲ್ಲಿ ಬಂದು ಬರೆಯುತ್ತಾ ಕೂತೆ. ಮೋಟಾರ್ ಇನ್ನೂ ಓಡುತ್ತಿದೆ.

ಬಾಗಿಲಲ್ಲಿ ಮಜೀದಾ. ಕೈಯಲ್ಲಿ ಕೊಡ, ತಳ ಕೂಡ ಒದ್ದೆಯಾಗಿಲ್ಲ.

"ಉಮಕ್ಕಾ, ನಮ್ಮ ನಳ ಒಮ್ಮಿಗೇ ನಿಂತದ ನೋಡ್ರಿ. ನಿಮ್ಮಲ್ಲಿ ಬರಾಕತ್ತದೇನು—"